ಗೋಡೆಯಿಲ್ಲದ ಕೋಶ

ಸಾಧನಾ ರಟ್ಟಿನ ಡಬ್ಬ ಬಿಚ್ಚಿ ನೋಡಿದಳು. ಮಗಳು ಯಕ್ಷಿತಾ ಮೈದಾಹಿಟ್ಟಿನಲ್ಲಿ ಮಾಡಿದ್ದ ದುಂಡನೆಯ ಪ್ರಾಣಿಕೋಶದ ಮಾದರಿ ಲೋಕಲ್ ರೈಲಿನ ಗರ್ದಿಗೆ ಸಿಕ್ಕಿ ಒಂದು ಬದಿ ಚಪ್ಪಟೆಯಾಗಿತ್ತು. "ನಿನ್ನ ಕೈಲಿ ಕೊಟ್ರೆ ಬೀಳಿಸ್ತಿ" ಎಂದು ಮಗಳಿಗೆ ಹೇಳಿ, ಕಾಂದಿವಲಿಯಿಂದ ಮಾಟುಂಗದವರೆಗೆ ಹಟ ಹಿಡಿದು ತಂದವಳು ಸಾಧನಾಳೇ. ಅಷ್ಟರಲ್ಲಿ ವಿಜ್ಞಾನ ಪ್ರದರ್ಶನದ ತೀರ್ಪುಗಾರರು ಮೇಜಿನೆದುರು ಬಂದೇಬಿಟ್ಟರು.

"ಇದೇನು, ಸೊಟ್ಟಗಿದೆಯಲ್ಲ?"

"ನನ್ನದೇ ತಪ್ಪು ಸರ್" ಎಂದು ಸಾಧನಾ ಬಾಯಿ ತೆರೆಯುವ ಮೊದಲೇ ಯಕ್ಷಿತಾ ಚಪ್ಪಟೆಯಾದಲ್ಲಿಗೇ ಬೆರಳಿಟ್ಟಳು. "ಸರ್, ಗಿಡದ ಸೆಲ್‌ಗಾದ್ರೆ ಗೋಡೆ ಇರ್ತದೆ. ಇದಕ್ಕೆ ಬರೀ ತೆಳು ಪೊರೆ. ಗರ್ದಿಯಲ್ಲಿ ಒತ್ತಿದ್ರೆ ಹೀಗೇ ಆಗೋದು. ಲೇಕಿನ್ ನ್ಯೂಕ್ಲಿಯಸ್ ನೋಡಿ, ಸೇಫ್ ಉಂಟು."

ಹಿಟ್ಟಿನ ನಡುವೆ ಕೆಂಪು ಗೋಲಿ ಕದಲದೆ ಕೂತಿತ್ತು. ಸಾಧನಾಳಿಗೆ ಹೋದ ಜೀವ ಬಂದಂತಾಯಿತು. ತೀರ್ಪುಗಾರರು ಮುದುಡಿಹೋದ ತಮ್ಮ ಅಂಗಿಯನ್ನೊಮ್ಮೆ ನೋಡಿಕೊಂಡು ನಕ್ಕರು.

"ನಾನೂ ಲೋಕಲ್‌ನಲ್ಲೇ ಬಂದವ, ಮಗಾ."