ಪಕ್ಕದ ಚುಕ್ಕೆ

ಕ್ಯಾನ್ಸರ್ ಡೇಟಾಬೇಸ್ ತೆರೆದಾಗ ಪರದೆಯ ತುಂಬ ಚುಕ್ಕೆಗಳು. ಒಂದೊಂದೂ ಒಬ್ಬೊಬ್ಬ ಹೆಂಗಸಿನ ಸ್ತನದ ಗಡ್ಡೆ. ಎರಡೇ ಪ್ರತಿ ಇರಬೇಕಾದ ಜೀನ್‌ಗಳ ಪ್ರತಿಗಳು ಯಾರ ಗಡ್ಡೆಯಲ್ಲಿ ಒಂದೇ ಥರ ಹೆಚ್ಚಿವೆಯೋ ಅವರ ಚುಕ್ಕೆಗಳು ಅಕ್ಕಪಕ್ಕ ಕೂರುತ್ತವೆ.

“ಇದು ನಿಮ್ಮದು ನೋಡ್ರಿ. ಜಪಾನಿನವ್ರೂ ಇದನ್ನ ನೋಡ್ತಾರ,” ಎಂದಳು ಸಂಶೋಧಕಿ.

ನಾಳೆ ಚಿಕಿತ್ಸೆಗೆ ಸೇರಬೇಕಿದ್ದ ನೀಲವ್ವ ಬಿದ್ದು ಬಿದ್ದು ನಕ್ಕಳು. “ನಾ ಇನ್ನೂ ಬೆಳಗಾವಿ ದಾಟಿಲ್ಲ, ನನ್ನ ಗಡ್ಡಿ ಜಪಾನ್ ಮುಟ್ಟೇತಿ! ಅಲ್ಲ ತಂಗಿ, ನನ್ನ ಮಗ್ಗಲಕ್ಕ ಅಂಟಿಕೊಂಡು ಕುಂತಾಕಿ ಯಾರು?”

“ಹೆಸರು ಹೇಳೂ ಹಂಗಿಲ್ರಿ.”

“ಹೆಸರು ಬ್ಯಾಡ.” ನೀಲವ್ವನ ನಗು ನಿಂತಿತು. “ಜೀವಂತ ಅದಾಳೋ ಇಲ್ಲೋ, ಅಷ್ಟ ಹೇಳು.”

“ಮುಂದಿನ ವಾರ ಆಕಿ ಮದುವಿ ಐತ್ರಿ, ತಪ್ಪದ ಬರ್ರಿ,” ಎನ್ನುತ್ತ ಸಂಶೋಧಕಿ ಬ್ಯಾಗಿನಿಂದ ತನ್ನ ಮದುವೆಯ ಆಮಂತ್ರಣ ಪತ್ರಿಕೆ ತೆಗೆದು ನೀಲವ್ವನ ಕೈಗಿಟ್ಟಳು.