ವಿಮಲಾಕ್ಷಮ್ಮನ ಬೆಟ್ಟದ ಬ್ಯಾಗ್

ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕು ಇದನ್ನು ಓದಲು... ಆದರೆ ಕೇಳಿದ ದಿನದಿಂದ ನನಗೆ ಮರೆಯಲು ಆಗುತ್ತಿಲ್ಲ.

ಮೈಸೂರಿನ ಒಂದು ಬ್ಯಾಗ್ ಅಂಗಡಿಯಲ್ಲಿ ಚಂದನಾ ಎಂಬ ಹುಡುಗಿ ಸೇಲ್ಸ್ ಕೆಲಸಕ್ಕಿದ್ದಳು. ಮಾತಿನಲ್ಲಿ ಚುರುಕು. ಬಂದವರನ್ನು ಬರಿಗೈಯಲ್ಲಿ ಕಳಿಸಿದವಳೇ ಅಲ್ಲ.

ಒಂದು ಶನಿವಾರ ಮಧ್ಯಾಹ್ನ ಅರವತ್ತು ದಾಟಿದ ಹೆಂಗಸೊಬ್ಬರು ಅಂಗಡಿಗೆ ಬಂದರು. ಕುಳ್ಳಗೆ, ಸಣ್ಣಗೆ... ಕಾಲಲ್ಲಿ ಹೊಸ ಸ್ಪೋರ್ಟ್ಸ್ ಶೂ. ಹೆಸರು ವಿಮಲಾಕ್ಷಮ್ಮ.

"ಬೆಟ್ಟ ಹತ್ತಕ್ಕೆ ಒಂದು ಬ್ಯಾಗ್ ಬೇಕಿತ್ತಮ್ಮ... ಸಾವಿರದ ಒಳಗೆ ಸಿಗುತ್ತಾ?"

ಚಂದನಾಗೆ ನಗು ಬಂತು. "ಯಾರಿಗಮ್ಮ, ಮೊಮ್ಮಗನಿಗಾ?"

"ಅಯ್ಯೋ, ನನಗೇ ಕಣೇ!"

ಅವರು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ರಿಟೈರ್ ಆಗಿ ಆರು ತಿಂಗಳಾಗಿತ್ತು.

"ಮೂವತ್ನಾಲ್ಕು ವರ್ಷ ಭಾನುವಾರ ಅಂದ್ರೇನು ಅಂತಾನೇ ಗೊತ್ತಿರ್ಲಿಲ್ಲ. ಈಗ ನಮ್ಮ ಪಾರ್ಕಿನ ವಾಕಿಂಗ್ ಗುಂಪಿನವರು ಭಾನುವಾರಕ್ಕೊಂದು ಬೆಟ್ಟ ಹತ್ತುತ್ತಾರೆ. ಹೋದ ವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ, ಎಲ್ಲೂ ಕೂರ್ಲಿಲ್ಲ! ಬಟ್ಟೆ ಚೀಲ ಹೆಗಲಿಂದ ಜಾರ್ತಿತ್ತು ಅನ್ನೋದು ಬಿಟ್ರೆ ಏನೂ ತೊಂದ್ರೆ ಆಗ್ಲಿಲ್ಲ."

ಅವರಿಗೆ ಬೇಕಾದ ಬ್ಯಾಗ್ ಚಂದನಾಳ ಬೆನ್ನ ಹಿಂದೆಯೇ ನೇತಾಡುತ್ತಿತ್ತು. ಇಪ್ಪತ್ತು ಲೀಟರ್ ಅಳತೆಯ ಚಿಕ್ಕದು. ಹಗುರ. ಎದೆಗೊಂದು, ಸೊಂಟಕ್ಕೊಂದು ಪಟ್ಟಿ. ಬೆಲೆ ಒಂಬೈನೂರು.

ಆದರೆ ಅಂದು ತಿಂಗಳ ಕೊನೆ... ದೊಡ್ಡ ಬ್ಯಾಗ್ ಇನ್ನೊಂದು ಮಾರಿದರೆ ಅವಳ ಟಾರ್ಗೆಟ್ ಮುಗಿಯುತ್ತಿತ್ತು.

ಅವಳು ಸ್ಟೂಲ್ ಹತ್ತಿ ಮೇಲಿನಿಂದ ಐವತ್ತು ಲೀಟರಿನ ಬ್ಯಾಗ್ ಇಳಿಸಿದಳು. ನಾಲ್ಕೈದು ದಿನ ಟೆಂಟ್ ಹೊತ್ತು ನಡೆಯುವವರಿಗಾಗಿ ಮಾಡಿದ್ದು ಅದು.

"ಬೆಟ್ಟಕ್ಕೆ ಇದೇ ಆಗಬೇಕಮ್ಮ. ಆ ಚಿಕ್ಕವೆಲ್ಲ ಕಾಲೇಜ್ ಬ್ಯಾಗು, ಅರ್ಧ ದಾರೀಲಿ ಕಿತ್ತೋಗ್ತವೆ."

ವಿಮಲಾಕ್ಷಮ್ಮ ಬೆಲೆಯ ಚೀಟಿ ನೋಡಿದರು. ಮೂರೂವರೆ ಸಾವಿರ... ಚೀಟಿ ಬಿಟ್ಟು ಚಂದನಾಳ ಕಡೆ ತಿರುಗಿದರು.

"ನಂಗಿದೆಲ್ಲ ಗೊತ್ತಾಗಲ್ಲ. ನೀನು ದಿನಾ ನೋಡೋಳು... ನೀನು ಹೇಳಿದ್ಮೇಲೆ ಸರಿ."

ಬೆನ್ನಿಗೆ ಹಾಕಿ ನೋಡಿ ಎಂದು ಕೂಡ ಚಂದನಾ ಹೇಳಲಿಲ್ಲ. ಬಿಲ್ ಮಾಡಿ ಕಳಿಸಿದಳು.

ಮೂರು ವಾರದ ನಂತರ ಅದೇ ಬ್ಯಾಗ್ ಹಿಡಿದು ವಿಮಲಾಕ್ಷಮ್ಮ ಮತ್ತೆ ಬಂದರು. ಚಂದನಾ ಮನಸ್ಸಿನಲ್ಲೇ ಅಂದುಕೊಂಡಳು: ಈಗ ಜಗಳ ಗ್ಯಾರಂಟಿ...

ಅವರು ಜಗಳ ಆಡಲಿಲ್ಲ.

"ದುಡ್ಡು ವಾಪಸ್ ಕೇಳಕ್ಕೆ ಬಂದಿಲ್ಲಮ್ಮ. ಗಟ್ಟಿಮುಟ್ಟಾಗಿರೋ ಹುಡುಗೀರು ಯಾರಾದ್ರೂ ಕೊಳ್ಳಕ್ಕಾಗದೆ ನಿಂತಿದ್ರೆ, ಇದನ್ನ ಸುಮ್ನೆ ಕೊಟ್ಬಿಡು."

"ಯಾಕಮ್ಮ? ಏನಾಯ್ತು?"

"ಕುಂತಿ ಬೆಟ್ಟಕ್ಕೆ ಹೋಗಿದ್ವಿ. ಬಂಡೆ ಹತ್ತಿರ ಬಂದಾಗ ಯಾರೋ ಹಿಂದಿನಿಂದ ಎಳೆದ ಹಾಗಾಯ್ತು... ಮಂಡಿ ಗಡಗಡ ಅಂತು. ಅಲ್ಲೇ ಕೂತುಬಿಟ್ಟೆ. ನನ್ನ ಇಳಿಸಕ್ಕೆ ಅಂತ ಪಾಪ ಇನ್ನಿಬ್ರು ವಾಪಸ್ ಬರಬೇಕಾಯ್ತು."

ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು:

"ಬ್ಯಾಗಿನದೇನೂ ತಪ್ಪಿಲ್ಲ. ನನಗೇ ವಯಸ್ಸಾಯ್ತು... ನನಗೆ ಅದು ಗೊತ್ತಾಗಿರ್ಲಿಲ್ಲ ಅಷ್ಟೆ. ಗುಂಪು ಬಿಟ್ಟುಬಿಟ್ಟೆ."

ಚಂದನಾಳ ನಾಲಿಗೆಯ ತುದಿಗೆ ಮಾತು ಬಂತು... 'ಅಮ್ಮಾ, ವಯಸ್ಸಲ್ಲ. ನಾನು ಕೊಟ್ಟಿದ್ದೇ ನಿಮಗಾಗದ ಬ್ಯಾಗು.'

ಆದರೆ ಓನರ್ ಕೌಂಟರ್‌ನಲ್ಲೇ ಕೂತಿದ್ದರು.

"ಪರವಾಗಿಲ್ಲಮ್ಮ... ರೆಸ್ಟ್ ತಗೊಳ್ಳಿ," ಅಂದಳು.

ಅವರು ತಲೆಯಾಡಿಸಿ ಮೆಟ್ಟಿಲಿಳಿದು ಹೋದರು. ಹಿಂದೆಯೇ ಓಡಿಹೋಗಿ ರಸ್ತೆಯಲ್ಲಿ ಹೇಳಬಹುದಿತ್ತು. ಓಡಲಿಲ್ಲ.

ನಾಳೆ ಫೋನ್ ಮಾಡೋಣ ಅಂದುಕೊಂಡಳು. ಮುಂದಿನ ವಾರ ಅಂದುಕೊಂಡಳು... ಹೀಗೆ ಐದು ತಿಂಗಳು ಕಳೆಯಿತು.

ಕೊನೆಗೊಂದು ದಿನ ತಡೆಯಲಾಗದೆ ಹಳೇ ಬಿಲ್ ಬುಕ್ಕಿನಲ್ಲಿ ನಂಬರ್ ಹುಡುಕಿ ಫೋನ್ ಮಾಡಿದಳು. ಅಡ್ರೆಸ್ ಕೇಳಿಕೊಂಡು ರಜೆಯ ದಿನ ಅವರ ಮನೆಗೆ ಹೋದಳು.

ಬಾಗಿಲು ತೆರೆಯಲು ಬಹಳ ಹೊತ್ತಾಯಿತು.

ವಿಮಲಾಕ್ಷಮ್ಮ ವಾಕರ್ ಹಿಡಿದು ನಿಂತಿದ್ದರು.

"ಹೋದ ತಿಂಗಳು ಬಾಗಿಲು ತೊಳೀವಾಗ ಜಾರಿ ಬಿದ್ದೆ. ಸೊಂಟದ ಮೂಳೆ ಮುರೀತು, ರಾಡ್ ಹಾಕಿದ್ದಾರೆ. ಮನೆ ಒಳಗೆ ಓಡಾಡಬಹುದಂತೆ... ಬೆಟ್ಟಗಿಟ್ಟ ಮಾತ್ರ ಇನ್ನು ಮರೆತುಬಿಡಿ ಅಂದ್ರು ಡಾಕ್ಟ್ರು. ಅದನ್ನ ನಾನು ಆಗಲೇ ಮರೆತಿದ್ದೆ ಬಿಡು. ಕೂತ್ಕೋ, ಕಾಫಿ ಕುಡೀತೀಯಾ?"

ಚಂದನಾ ಕೂರಲಿಲ್ಲ. ನಿಂತಲ್ಲೇ ಅತ್ತುಬಿಟ್ಟಳು. ಒಂಬೈನೂರರ ಬ್ಯಾಗು, ಟಾರ್ಗೆಟ್ಟು, ಆವತ್ತು ಬಾಯಿಗೆ ಬಂದೂ ನುಂಗಿದ ಮಾತು... ಎಲ್ಲ ಹೇಳಿದಳು.

"ಖಾಲಿ ಬ್ಯಾಗೇ ಎರಡು ಕೆಜಿ ಇತ್ತಮ್ಮ... ನಿಮ್ಮ ಎತ್ತರಕ್ಕೆ ಅದು ಹಿಂದಕ್ಕೆ ಎಳೆದೇ ಎಳೆಯುತ್ತೆ. ಯಾರಿದ್ರೂ ಕೂತುಬಿಡ್ತಿದ್ರು."

ವಿಮಲಾಕ್ಷಮ್ಮ ವಾಕರ್ ಬಿಟ್ಟು ನಿಧಾನಕ್ಕೆ ಕುರ್ಚಿಯಲ್ಲಿ ಕೂತರು.

ಬೈಯುತ್ತಾರೆ ಅಂದುಕೊಂಡಳು ಚಂದನಾ. ಬೈದಿದ್ದರೆ ಅವಳಿಗೂ ಹಗುರವಾಗುತ್ತಿತ್ತೇನೋ...

ಅವರು ಚಿಕ್ಕ ಮಗುವಿನ ಹಾಗೆ ಕೇಳಿದರು:

"ಹಾಗಾದ್ರೆ... ಆವತ್ತು ನನ್ನ ಕಾಲು ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತಮ್ಮ."

ಅವರ ಮುಖದಲ್ಲಿ ಒಂದು ಕ್ಷಣ ಸಂತೋಷ ಬಂತು. ಆಮೇಲೆ ಕಣ್ಣು ತುಂಬಿತು.

"ನಾನು ಬೀಳೋಕೆ ಮುಂಚೆ ನಾಲ್ಕು ತಿಂಗಳಿತ್ತಲ್ಲೇ ಹುಡುಗಿ... ಹದಿನಾರು ಭಾನುವಾರ. ಒಂದು ಮಾತು ಹೇಳಬಾರದಿತ್ತಾ?"



▪️

ನಮ್ಮ ತಪ್ಪನ್ನು ನಾವು ಹೇಳದೆ ಉಳಿದರೆ, ನಮ್ಮನ್ನು ನಂಬಿದವರು ಅದನ್ನು ತಮ್ಮದೇ ತಪ್ಪು ಎಂದುಕೊಂಡು ಬದುಕುತ್ತಾರೆ.

ನೀವು ಹೇಳಬೇಕಾದ ಒಂದು ಮಾತಿಗಾಗಿ, ತಮ್ಮ ಮೇಲೇ ನಂಬಿಕೆ ಕಳೆದುಕೊಂಡು ಯಾರಾದರೂ ಎಲ್ಲೋ ಸುಮ್ಮನೆ ಕೂತಿದ್ದಾರೆಯೇ...?