ಎರಡು ಬೆರಳು ಬಿಳಿ

ಆಸ್ಪತ್ರೆ ಲ್ಯಾಬಿನ ಹುಡುಗಿ ಅರಾಬಾ ರಕ್ತದ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೆಳಗೆ ಕಪ್ಪುಗೆಂಪು. ಮೇಲೆ ಎರಡು ಬೆರಳಷ್ಟು ಬಿಳಿ, ಕೆನೆ ಕಟ್ಟಿದ ಹಾಗೆ.

“ಇದು ಒಬಿರಿ ರಕ್ತನೇನಾ?” ಅಫ್ರಿಯೆ ಕೇಳಿದಳು. ಗಂಡ ಒಬಿರಿ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಹಸಿವೆಂದು ಮನೆಗೆ ಹೊರಟುಹೋಗಿದ್ದ. ವರದಿಗಾಗಿ ಅವಳೊಬ್ಬಳೇ ಕಾದಿದ್ದಳು.

“ಅವರದೇ ಅಕ್ಕಾ. ಮೇಲೆ ನಿಂತಿರೋದು ಕೊಬ್ಬು. ಟ್ರೈಗ್ಲಿಸರೈಡ್ ಹೋದ ತಿಂಗಳಿಗಿಂತ ಎರಡರಷ್ಟಾಗಿದೆ. ಎಣ್ಣೆ ಬಿಡಿಸ್ಲಿಲ್ವಾ?”

“ನಮ್ಮನೇಲಿ ಒಂದು ತೊಟ್ಟು ಎಣ್ಣೆ ಇಲ್ಲ! ತಾಳೆ ಎಣ್ಣೆ ಡಬ್ಬಾನ ಪಕ್ಕದ್ಮನೆಗೆ ಕೊಟ್ಬಿಟ್ಟೆ. ಜೈಲೂಟ ಹಾಕ್ತೀಯಾ ಅಂತ ಅವ್ರತ್ರ ದಿನಾ ಬೈಸ್ಕೋತೀನಿ. ಬಿಯರೂ ಬಿಡಿಸಿದೀನಿ.”

“ಮತ್ತೆ ಕುಡಿಯೋಕೆ ಏನು ಕೊಡ್ತೀರಿ?”

“ಮಾಲ್ಟ್. ಬಿಯರ್ ಥರಾನೇ ಕಪ್ಪಗೆ, ನೊರೆ ಬರತ್ತೆ, ಆದ್ರೆ ಅಮಲಿಲ್ಲ. ಡಬ್ಬಿ ಹಾಲು ಬೆರೆಸಿ, ದಿನಕ್ಕೆ ಎರಡು ಬಾಟ್ಲಿ. ಆಸ್ಪತ್ರೇಲಿದ್ದಾಗ ನೋಡೋಕೆ ಬಂದೋರೆಲ್ಲ ಅದನ್ನೇ ತಂದಿದ್ರು, ರಕ್ತ ಆಗ್ಲಿ ಅಂತ. ಅದ್ರಲ್ಲಿ ಎಣ್ಣೆ ಎಲ್ಲಿದೆ?”

“ಎಣ್ಣೆ ಇಲ್ಲ, ಸಕ್ಕರೆ ಇದೆ. ಒಳಗೆ ಹೋಗಿ ಹೀಗೆ ಕೊಬ್ಬಾಗೋದು ಆ ಸಕ್ಕರೆನೇ ಅಕ್ಕಾ. ಡಾಕ್ಟರು ಈಗ್ಲೇ ಕರ್ಕೊಂಡು ಬನ್ನಿ ಅಂದಿದಾರೆ. ಅಲ್ಲೀತನಕ ನೀರು ಬಿಟ್ಟು ಏನೂ ಕೊಡ್ಬೇಡಿ.”

ಅಫ್ರಿಯೆ ಚೀಲ ಎತ್ತಿಕೊಂಡು ಹೊರಟಳು. ಅತ್ತೆ ಬೆಳಿಗ್ಗೆ ತಾನೇ ಹಳ್ಳಿಯಿಂದ ಬಂದಿಳಿದಿದ್ದರು, ತಲೆಯ ಮೇಲೆ ಒಂದು ಕ್ರೇಟ್ ಮಾಲ್ಟ್ ಹೊತ್ತು. ಗಂಡನಿಗೆ ಫೋನ್ ಮಾಡಿದಳು. ಅವನ ಫೋನ್ ಅವಳ ಚೀಲದಲ್ಲೇ ರಿಂಗಾಯಿತು. ರಕ್ತ ಕೊಡುವಾಗ ಅವನೇ ಹಿಡಿದುಕೋ ಎಂದು ಕೊಟ್ಟಿದ್ದ.

ಮನೆಗೆ ಹಿಡಿದ ಟ್ಯಾಕ್ಸಿ ಕೆಜೆಟಿಯಾ ಸಂತೆಯ ಬಳಿ ನಿಂತೇಬಿಟ್ಟಿತು. ಮುಂದೆ ಬರೀ ವಾಹನಗಳು, ಬುಟ್ಟಿ ಹೊತ್ತ ಹೆಂಗಸರು. ಎರಡು ತಿಂಗಳ ಹಿಂದೆ ಒಬಿರಿ ಹೊಟ್ಟೆ ಹಿಡಿದುಕೊಂಡು ನೆಲದಲ್ಲಿ ಹೊರಳಿದ್ದು, ಕೂಗಲೂ ದನಿಯಿಲ್ಲದೆ ಅವಳ ಬಟ್ಟೆಯ ಅಂಚನ್ನು ಕಚ್ಚಿದ್ದು ಕಣ್ಣಿಗೆ ಕಟ್ಟಿತು. ರಕ್ತದಲ್ಲಿ ಕೊಬ್ಬು ಹೆಚ್ಚಿ ಮೇದೋಜೀರಕ ಗ್ರಂಥಿ ಊದಿಕೊಂಡಿದೆ, ಇನ್ನೊಂದು ಸಲ ಹೀಗಾದರೆ ಉಳಿಸುವುದು ಕಷ್ಟ ಎಂದಿದ್ದರು ಡಾಕ್ಟರು. ಅಫ್ರಿಯೆ ಇಳಿದಳು. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

ಬಾಗಿಲಲ್ಲೇ ಅತ್ತೆಯ ದನಿ ಕೇಳಿಸಿತು. “ಕುಡಿ ನನ್ನಪ್ಪಾ. ನಿನ್ ಹೆಂಡ್ತಿ ನೀರು ಸಾರು ತಿನ್ಸಿ ತಿನ್ಸಿ ಕಡ್ಡಿ ಮಾಡವ್ಳೆ.” ಒಬಿರಿಯ ಕಾಲ ಬಳಿ ಒಂದು ಬಾಟಲಿ ಆಗಲೇ ಖಾಲಿಯಾಗಿತ್ತು. ಎರಡನೆಯದನ್ನು ಗಾಜಿನ ಲೋಟಕ್ಕೆ ಸುರಿದು, ಅತ್ತೆ ಕಲಕದೆ ಮೇಲಷ್ಟೇ ಹಾಲು ಹೊಯ್ದಿದ್ದರು. ಅವನು ಬಾಯಿಗಿಡುವಷ್ಟರಲ್ಲಿ ಅಫ್ರಿಯೆ ಕಿತ್ತುಕೊಂಡಳು.

“ಅಯ್ಯೋ! ಕಾಯ್ಲೆ ಬಿದ್ದೋನ ಬಾಯಿಂದ ಕಿತ್ಕೋತೀಯಾ? ನನ್ ಮಗನ್ನ ಸಾಯಿಸ್ಬೇಕು ಅಂತ ಮಾಡಿದೀಯೇನೇ?”

“ಏನಾಯ್ತೇ ನಿಂಗೆ?” ಒಬಿರಿ ನಕ್ಕ. “ನಿನ್ನೆ ನೀನೇ ಕೈಯಾರೆ ಕುಡಿಸ್ದ್ಯಲ್ಲ.” ನಗುತ್ತಿದ್ದರೂ ಅವನ ಅಂಗೈ ಹೊಟ್ಟೆಯ ಮೇಲ್ಭಾಗವನ್ನು ಒತ್ತಿ ಹಿಡಿದಿತ್ತು.

ಅಫ್ರಿಯೆ ಲೋಟವನ್ನು ಅವನ ಕೈಗೆ ಸಿಗದಂತೆ ಎತ್ತಿ ಹಿಡಿದಳು. ಅದರ ಮೇಲೆ ಕಿಟಕಿಯ ಬೆಳಕು ಬಿತ್ತು. ಕೆಳಗೆ ಕಪ್ಪುಗೆಂಪು. ಮೇಲೆ, ನೊರೆಯೇರಿ ನಿಂತ ಎರಡು ಬೆರಳು ಬಿಳಿ.